ಹಿಂಡಲಗಾ: ಹೊಂಡದ ಉಸಿರು

ಬೆಳಗಾವಿಯಿಂದ ಪಡುವಣ ದಿಕ್ಕಿಗೆ ಹೊರಡುವ ವೆಂಗುರ್ಲಾ ರಸ್ತೆಯು ಸಹ್ಯಾದ್ರಿಯನ್ನು ಇಳಿದು ಅರಬ್ಬೀ ಸಮುದ್ರವನ್ನು ಕಾಣುವ ತನಕ ವಿಶ್ರಮಿಸುವುದಿಲ್ಲ. ದಂಡಿನ ಪ್ರದೇಶದ ಹಳೆಯ ಮರಗಳ ನೆರಳು ಮುಗಿಯುವ ಹೊತ್ತಿಗೆ ಆ ದಾರಿಯಲ್ಲಿ ಎದುರಾಗುವ ಊರು ಹಿಂಡಲಗಾ. ನಾಡಿನ ಬಹುಮಂದಿಗೆ ಈ ಹೆಸರು ಪರಿಚಯವಾಗಿರುವುದು 1923ರಲ್ಲಿ ಕಟ್ಟಿದ ಅಲ್ಲಿಯ ಕೇಂದ್ರ ಕಾರಾಗೃಹದಿಂದ. ಬೆಳಗಾವಿಯ ಗೃಹಿಣಿಯರಿಗೆ ಅದು ಗಣಪತಿಯ ಊರು. ಸಂಕಷ್ಟಿಯ ದಿನ ಹಣ್ಣುಕಾಯಿಯೊಡನೆ ಹೋಗಿಬರುವ ಊರು. ಕನ್ನಡ ಮರಾಠಿಗಳೆರಡೂ ಇಲ್ಲಿ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ.

ಸೆರೆಮನೆಯ ಗೋಡೆಯೂ ದೇವಾಲಯದ ಶಿಖರವೂ ಪ್ರವಾಸಿಗನ ಕಣ್ಣನ್ನು ತಾವಾಗಿಯೇ ಸೆಳೆಯುತ್ತವೆ. ಆದರೆ ಮಳೆಗಾಲದಲ್ಲಿ ಹಿಂಡಲಗಾಕ್ಕೆ ಬಂದವನು ಕಣ್ಣನ್ನು ಸ್ವಲ್ಪ ಕೆಳಗಿಳಿಸಿದರೆ ಇನ್ನೊಂದು ನೋಟವುಂಟು. ಅದು ನೀರಿನದು. ಈ ಊರಿಗೂ ನೀರಿಗೂ ಹಳೆಯ ನಂಟು. ಖಾನಾಪುರ ತಾಲ್ಲೂಕಿನ ಬೈಲೂರಿನ ಕಡೆ ಹುಟ್ಟುವ ಮಾರ್ಕಂಡೇಯ ನದಿ ಈ ಸೀಮೆಯ ಹೊಲಗದ್ದೆಗಳನ್ನು ತೋಯಿಸಿ, ಗೋಕಾಕದ ಬಳಿ ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಅದೇ ನದಿಗೆ ರಾಕಸಕೊಪ್ಪದಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು ಹಿಂಡಲಗಾದ ಪಂಪುಮನೆಯ ಮೂಲಕ ಬೆಳಗಾವಿಯ ನಲ್ಲಿಗಳಿಗೆ ಬರುತ್ತದೆ. ನಗರದ ಅಡಿಗೆಮನೆಯಲ್ಲಿ ಬೆಳಗಿನ ಚಹಾ ಕುದಿಯುವುದಕ್ಕೆ ಹಿಂಡಲಗಾದ ಯಂತ್ರಗಳು ತಿರುಗಬೇಕು.

ಇದು ಹೆಸರುಳ್ಳ ನೀರಿನ ಮಾತಾಯಿತು. ಈ ಸೀಮೆಯಲ್ಲಿ ಹೆಸರಿಲ್ಲದ ನೀರು ಇನ್ನೂ ಹೆಚ್ಚು.

ಹೆಸರಿಲ್ಲದ ನೀರು

ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಘಟ್ಟದ ಮೋಡಗಳು ಜೂನ್ ತಿಂಗಳಿನಲ್ಲಿ ಇಲ್ಲಿಗೆ ಬಂದವೆಂದರೆ ನೆಲದಲ್ಲಿ ಎಲ್ಲೆಲ್ಲಿ ತಗ್ಗುಂಟೋ ಅಲ್ಲೆಲ್ಲ ನೀರು ಮನೆ ಮಾಡುತ್ತದೆ. ಮನೆ ಕಟ್ಟಲು ಜಂಬಿಟ್ಟಿಗೆ ಕಡಿದ ಗುಂಡಿಗಳುಂಟು. ಕರಾವಳಿಯವರು ಮುರಕಲ್ಲೆಂದೂ ಮರಾಠಿಯವರು ಜಾಂಭಾ ಎಂದೂ ಕರೆಯುವ ಕಲ್ಲು ಅದೇ. ಇಟ್ಟಿಗೆಗಾಗಿ ಮಣ್ಣು ತೆಗೆದು ಬಿಟ್ಟ ತಗ್ಗುಗಳುಂಟು. ದನಗಳಿಗೆ ನೀರು ಕುಡಿಸುವ ಹೊಂಡಗಳು, ಹಳ್ಳದ ಮಡುಗಳು, ದೇವಸ್ಥಾನದ ಪುಷ್ಕರಿಣಿಗಳು ಬೇರೆ. ಇವೆಲ್ಲಕ್ಕೂ ಮಿಗಿಲಾಗಿ, ಪರಿಮಳಕ್ಕೆ ಹೆಸರಾದ ಬೆಳಗಾವಿಯ ಬಾಸುಮತಿ ಬೆಳೆಯುವ ಬತ್ತದ ಗದ್ದೆಗಳು. ಗದ್ದೆಯೆಂದರೆ ಬದು ಕಟ್ಟಿದ, ನಾಲ್ಕು ಬೆರಳು ಆಳದ ಹೊಂಡವೇ ಅಲ್ಲವೆ?

ಕೆಲವು ಹೊಂಡಗಳು ದೀಪಾವಳಿಯ ಹೊತ್ತಿಗೆ ಬತ್ತುತ್ತವೆ, ಕೆಲವು ಯುಗಾದಿಯವರೆಗೂ ಹಸಿರು ಬಣ್ಣದ ನೀರನ್ನು ಹಿಡಿದುಕೊಂಡಿರುತ್ತವೆ. ನಕ್ಷೆಯಲ್ಲಿ ಇವಕ್ಕೆ ಸ್ಥಳವಿಲ್ಲ. ಕಂದಾಯದ ಕಾಗದದಲ್ಲಿ ಇವು ಕೇವಲ ತಗ್ಗು. ಮಕ್ಕಳು ಕಲ್ಲೆಸೆದು ಆಡುತ್ತಾರೆ, ಎಮ್ಮೆಗಳು ಮಧ್ಯಾಹ್ನವನ್ನು ಕಳೆಯುತ್ತವೆ, ಪ್ರವಾಸಿಗ ನೋಡದೆಯೇ ಮುಂದೆ ಹೋಗುತ್ತಾನೆ.

ಆದರೆ ದಡದಲ್ಲಿ ಅರೆಗಳಿಗೆ ನಿಂತವನಿಗೆ ಒಂದು ವಿಚಿತ್ರ ಕಾಣಸಿಗುತ್ತದೆ. ಗಾಳಿಯಿಲ್ಲದ ಮಧ್ಯಾಹ್ನ, ಮೀನೂ ಮಿಸುಕದಿರುವಾಗ, ನೀರಿನ ನಡುವೆ ಒಂದು ಗುಳ್ಳೆ ಎದ್ದು ಒಡೆಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಕೋಲಿನಿಂದ ತಳವನ್ನು ಕೆದಕಿದರೆ ಗುಳ್ಳೆಗಳ ಗೊಂಚಲೇ ಮೇಲಕ್ಕೆ ಬರುತ್ತದೆ. ಎಮ್ಮೆ ಕಾಯುವ ಹುಡುಗ ಅದನ್ನು ‘ಹೊಂಡ ಉಸಿರಾಡುತ್ತದೆ’ ಎಂದನಾದರೆ ವಿಜ್ಞಾನಿಯು ಅವನ ಮಾತನ್ನು ಅಲ್ಲಗಳೆಯಲಾರ. ಜಗತ್ತಿನ ಹವೆಯನ್ನು ಕುರಿತು ಈಗ ನಡೆಯುತ್ತಿರುವ ದೊಡ್ಡ ಚರ್ಚೆಯಲ್ಲಿ ಈ ಉಸಿರಿಗೂ ಒಂದು ಪಾತ್ರವುಂಟು.

ಒಂದು ಎಲೆಯ ಪಯಣ

ಹೊಂಡದ ದಡದ ಮಾವಿನ ಮರದಿಂದ ಒಂದು ಎಲೆ ನೀರಿಗೆ ಬಿತ್ತೆನ್ನೋಣ. ಆ ಎಲೆಯ ಮೈಯ ಮುಖ್ಯ ದ್ರವ್ಯ ಇಂಗಾಲ. ಮರವು ಅದನ್ನು ಗಾಳಿಯಲ್ಲಿಯ ಇಂಗಾಲದ ಡೈ ಆಕ್ಸೈಡಿನಿಂದ ಬಿಸಿಲಿನ ಬಲದಿಂದ ಗಳಿಸಿತ್ತು. ಈಗ ಗಳಿಕೆ ನೀರಿನ ಪಾಲಾಯಿತು. ಮೊದಲು ಎಲೆಯ ಸಾರ ನೀರಿಗಿಳಿದು, ಸೊಪ್ಪು ಕೊಳೆತ ಹೊಂಡದ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆ ಸಾರವನ್ನು ಉಣ್ಣುತ್ತವೆ. ನೀರಿನಲ್ಲಿ ಆಮ್ಲಜನಕವಿರುವಷ್ಟು ಕಾಲ ಮನುಷ್ಯರಂತೆಯೇ ಉಸಿರಾಡಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ಅದು ಗಾಳಿಗೆ ಮರಳುತ್ತದೆ. ಹಗಲಿನಲ್ಲಿ ಹೊಂಡದ ಪಾಚಿಯು ಅದರ ಒಂದಂಶವನ್ನು ಮತ್ತೆ ಹೀರಿಕೊಳ್ಳುತ್ತದೆ. ರಾತ್ರಿ ಪಾಚಿಯೂ ಉಸಿರು ಬಿಡುತ್ತದೆ. ಹೀಗೆ ಹಸಿರು ಹೊಂಡವು ಹಗಲು ಒಳಗೆಳೆದು, ಇರುಳು ಹೊರಗೆ ಬಿಡುತ್ತದೆ. ಹೊಲಸಾದ ಹೊಂಡದಲ್ಲಿ ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುವುದೇಕೆಂದರೆ, ಇರುಳೆಲ್ಲ ನಡೆದ ಉಸಿರಾಟದಿಂದ ಆ ಹೊತ್ತಿಗೆ ನೀರಿನ ಆಮ್ಲಜನಕ ತೀರಿಹೋಗಿರುತ್ತದೆ.

ಎಲೆಯ ಉಳಿದ ಭಾಗ ತಳಕ್ಕೆ ಇಳಿದು ಕೆಸರಿನಲ್ಲಿ ಹೂತುಹೋಗುತ್ತದೆ. ಅಲ್ಲಿ ಆಮ್ಲಜನಕದ ಹೆಸರಿಲ್ಲ. ಅಂಥ ಕಡೆಯಲ್ಲಿ ಬಾಳುವ ಬೇರೆಯೇ ಒಂದು ಜೀವಕುಲ ಉಳಿದ ಇಂಗಾಲವನ್ನು ಮೀಥೇನ್ ಎಂಬ ಅನಿಲವನ್ನಾಗಿ ಮಾಡುತ್ತದೆ. ಇದೇ ಕುಲವನ್ನು ಪರೀಕ್ಷಿಸಿ 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ಅಮೆರಿಕದ ವಿಜ್ಞಾನಿಗಳು, ಇವು ಸಾಮಾನ್ಯ ಬ್ಯಾಕ್ಟೀರಿಯಗಳಲ್ಲ, ಜೀವಲೋಕದ ಬೇರೊಂದು ಶಾಖೆಯೆಂದು ಸಾರಿದರು. ಇವು ಹೊಂಡದ ಕೆಸರಿನಲ್ಲಿರುವಂತೆಯೇ ಎಮ್ಮೆಯ ಹೊಟ್ಟೆಯಲ್ಲಿಯೂ ಗೋಬರ್ ಅನಿಲದ ತೊಟ್ಟಿಯಲ್ಲಿಯೂ ಇವೆ.

ಕೆಸರಿನ ಗುಳ್ಳೆ ಉರಿಯಬಲ್ಲುದೆಂಬುದನ್ನು ತಿಳಿಸಿಕೊಟ್ಟವನು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ. ವಿದ್ಯುತ್ತಿನ ‘ವೋಲ್ಟ್’ ಎಂಬ ಅಳತೆಗೆ ಹೆಸರು ಕೊಟ್ಟವನೂ ಅವನೇ. 1776ರಲ್ಲಿ ಮಾಜ್ಜೋರೆ ಸರೋವರದ ಜೌಗಿನಲ್ಲಿ ತಳವನ್ನು ಕದಡಿ, ಎದ್ದ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದು ಅವನು ಪರೀಕ್ಷಿಸಿದನು. ಇಂದಿನ ಸಂಶೋಧಕರು ನೀರಿನಲ್ಲಿ ಆಲಿಕೆಯನ್ನು ತಲೆಕೆಳಗಾಗಿ ಮುಳುಗಿಸಿ ಗುಳ್ಳೆಗಳನ್ನು ಹಿಡಿದು ಅಳೆಯುವುದೂ ಅದೇ ಉಪಾಯದ ಮುಂದುವರಿಕೆ.

ಮೀಥೇನಿಗೆ ಹೊರಬರಲು ಮೂರು ದಾರಿಗಳುಂಟು. ಒಂದು, ನೀರಿನಲ್ಲಿ ಕರಗಿ ಮೆಲ್ಲಗೆ ಮೇಲೇರುವುದು. ಈ ದಾರಿಯಲ್ಲಿ ಕಾವಲುಗಾರರಿದ್ದಾರೆ. ಆಮ್ಲಜನಕವಿರುವ ಪದರಿನಲ್ಲಿ ಮೀಥೇನನ್ನೇ ಉಣ್ಣುವ ಬ್ಯಾಕ್ಟೀರಿಯಗಳು ಅದರ ದೊಡ್ಡ ಪಾಲನ್ನು ನಡುದಾರಿಯಲ್ಲಿಯೇ ತಡೆದು ಇಂಗಾಲದ ಡೈ ಆಕ್ಸೈಡನ್ನಾಗಿ ಮಾಡುತ್ತವೆ. ಎರಡು, ಗುಳ್ಳೆಯಾಗಿ ಒಮ್ಮೆಲೇ ಜಿಗಿಯುವುದು. ಆಗ ಕಾವಲುಗಾರರ ಕೈಗೆ ಅದು ಸಿಕ್ಕುವುದಿಲ್ಲ. ಮೂರು, ತಾವರೆ, ಆಪು, ಬತ್ತ ಮೊದಲಾದ ಗಿಡಗಳ ಟೊಳ್ಳು ಕಾಂಡಗಳ ಒಳದಾರಿ. ಆಳವಾದ ಸರೋವರದಲ್ಲಿ ಗುಳ್ಳೆಯು ಏರುತ್ತ ಏರುತ್ತ ಸ್ವಲ್ಪ ಕರಗುತ್ತದೆ. ಮೊಣಕಾಲುದ್ದದ ಹೊಂಡದಲ್ಲಿ ಕರಗಲು ವೇಳೆಯೆಲ್ಲಿ?

ಇಂಗಾಲವು ಯಾವ ರೂಪದಲ್ಲಿ ಹೊರಬಂದಿತೆಂಬುದು ಸಣ್ಣ ಮಾತಲ್ಲ. ಡೈ ಆಕ್ಸೈಡಾಗಿ ಬಂದರೆ, ಮರ ಕೊಟ್ಟದ್ದು ಗಾಳಿಗೆ ಸಂದಾಯವಾಯಿತು, ಲೆಕ್ಕ ಸರಿಹೋಯಿತು. ಮೀಥೇನಾಗಿ ಬಂದರೆ, ತೂಕಕ್ಕೆ ತೂಕ ನೂರು ವರ್ಷಗಳ ಲೆಕ್ಕದಲ್ಲಿ ಅದು ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು ಹೆಚ್ಚಾಗಿ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಸಮಾಧಾನದ ಸಂಗತಿಯೆಂದರೆ ಅದರ ಆಯುಷ್ಯ ಕಡಿಮೆ. ಸುಮಾರು ಹನ್ನೆರಡು ವರ್ಷಗಳಲ್ಲಿ ಗಾಳಿಯಲ್ಲಿ ಸವೆದುಹೋಗುತ್ತದೆ. ಆದ್ದರಿಂದ ಮೀಥೇನನ್ನು ಇಂದು ತಡೆದವರು ಅದರ ಫಲವನ್ನು ತಮ್ಮ ಜೀವಿತಕಾಲದಲ್ಲಿಯೇ ಕಾಣಬಹುದು.

ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು

ಇಷ್ಟು ಸಣ್ಣ ಹೊಂಡಗಳಿಂದ ಆಗುವುದೇನೆಂದು ಕೇಳುವವರಿಗೆ 2016ರಲ್ಲಿ ಉತ್ತರ ಸಿಕ್ಕಿತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಮೆರೆಡಿತ್ ಹೋಲ್ಗರ್ಸನ್ ಮತ್ತು ಪೀಟರ್ ರೇಮಂಡ್ ಎಂಬುವರು 427 ಕೆರೆ-ಕೊಳಗಳ ಅಳತೆಗಳನ್ನು ಕಲೆಹಾಕಿ ಲೆಕ್ಕವಿಟ್ಟರು. ಒಂದು ಸಾವಿರ ಚದರ ಮೀಟರಿಗಿಂತ, ಎಂದರೆ ನಮ್ಮ ಹತ್ತು ಗುಂಟೆಗಿಂತ ಚಿಕ್ಕದಾದ ಕೊಳಗಳು ಜಗತ್ತಿನ ಕೆರೆ-ಕೊಳಗಳ ಒಟ್ಟು ವಿಸ್ತೀರ್ಣದಲ್ಲಿ ಶೇಕಡ 8.6ರಷ್ಟು ಮಾತ್ರ. ಆದರೆ ಕೆರೆ-ಕೊಳಗಳು ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡ 15ರಷ್ಟು ಇವುಗಳದೇ. ನೀರಿನಲ್ಲಿ ಕರಗಿ ಹೊರಸೂಸುವ ಮೀಥೇನಿನಲ್ಲಂತೂ ಶೇಕಡ 40ಕ್ಕೂ ಮೀರಿದ ಪಾಲು ಇವುಗಳದು. ಗುಳ್ಳೆಗಳ ಲೆಕ್ಕ ಅದರಲ್ಲಿ ಸೇರಿಲ್ಲ!

ಕಾರಣವನ್ನು ಹಿಂಡಲಗಾದ ಯಾವ ಹೊಂಡದ ದಡದಲ್ಲಿಯಾದರೂ ನಿಂತು ಕಾಣಬಹುದು. ನೀರು ಚಿಕ್ಕದಾದಷ್ಟೂ ಅದಕ್ಕೆ ದಡವೇ ಹೆಚ್ಚು. ದಡದಿಂದ ಎಲೆ, ಹುಲ್ಲು, ಸಗಣಿ, ಮಣ್ಣು ಬೀಳುವುದೂ ಹೆಚ್ಚು. ಆಳ ಕಡಿಮೆಯಾದ್ದರಿಂದ ಬಿಸಿಲು ತಳದವರೆಗೂ ಕಾಯಿಸುತ್ತದೆ, ಕೆಸರಿಗೂ ಗಾಳಿಗೂ ಅಂತರ ಕಡಿಮೆ. ಇದಿಷ್ಟೇ ಗುಟ್ಟು.

ಒಳನಾಡಿನ ನೀರು ಇಂಗಾಲವನ್ನು ಸಮುದ್ರಕ್ಕೆ ಸಾಗಿಸುವ ಕೊಳವೆ ಮಾತ್ರವೆಂದು ಹಿಂದಿನವರು ತಿಳಿದಿದ್ದರು. 2007ರಲ್ಲಿ ಜೊನಾಥನ್ ಕೋಲ್ ಮತ್ತು ಅವರ ಸಂಗಡಿಗರು ಆ ನಂಬಿಕೆಯನ್ನು ತಿದ್ದಿದರು. ನೆಲದಿಂದ ಹೊಳೆ-ಕೆರೆಗಳಿಗೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ ಬಂದು ಸೇರುತ್ತದೆ. ಅದರಲ್ಲಿ ಸಮುದ್ರಕ್ಕೆ ಮುಟ್ಟುವುದು ಸುಮಾರು 90 ಕೋಟಿ. 20 ಕೋಟಿ ಟನ್ ತಳದ ಹೂಳಿನಲ್ಲಿ ಉಳಿಯುತ್ತದೆ. ಕಡಿಮೆಯೆಂದರೂ 80 ಕೋಟಿ ಟನ್ ದಾರಿಯಲ್ಲಿಯೇ ಗಾಳಿಗೆ ಹಾರಿಹೋಗುತ್ತದೆಂದು ಅವರು ತೋರಿಸಿಕೊಟ್ಟರು. ಆಮೇಲಿನ ಅಂದಾಜುಗಳು ಇನ್ನೂ ಹೆಚ್ಚಿನವು. ಭಾರತದ ಮಟ್ಟಿಗೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆಂಧ್ರ, ಕೇರಳ, ತಮಿಳುನಾಡುಗಳ ಕೆರೆ, ಕೊಳ, ಹೊಳೆ, ಬಾವಿ ಮೊದಲಾದ 45 ನೀರಿನ ನೆಲೆಗಳನ್ನು ಅಳೆದು, ದೇಶದ ಒಳನಾಡಿನ ನೀರು ವರ್ಷಕ್ಕೆ ಸುಮಾರು 21 ಲಕ್ಷ ಟನ್ ಮೀಥೇನನ್ನು ಬಿಡುತ್ತದೆಂದು ಅಂದಾಜು ಮಾಡಿತು.

ಹಿಮದ ನಾಡಿನ ಹೊಂಡ

ಹೊಂಡದ ಉಸಿರನ್ನು ಜಗತ್ತು ಅತ್ಯಂತ ಕಳವಳದಿಂದ ಆಲಿಸುತ್ತಿರುವ ಸ್ಥಳ ಹಿಂಡಲಗಾದಿಂದ ಬಲು ದೂರದಲ್ಲಿದೆ. ಸೈಬೀರಿಯ, ಅಲಾಸ್ಕ, ಉತ್ತರ ಕೆನಡಗಳಲ್ಲಿ ನೆಲವು ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇದೆ. ಪರ್ಮಾಫ್ರಾಸ್ಟ್ ಎಂದು ಕರೆಯುವ ಆ ನಿತ್ಯಹಿಮದ ನೆಲದಲ್ಲಿ ಹಿಂದಿನ ಹುಲ್ಲು, ಬೇರು, ಪ್ರಾಣಿಗಳ ಅವಶೇಷಗಳು ಕೊಳೆಯದೆ ಉಳಿದಿವೆ. ಅಲ್ಲಿ ಅಡಗಿರುವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್. ಗಾಳಿಯಲ್ಲಿ ಈಗ ಇರುವುದರ ಸರಿಸುಮಾರು ಇಮ್ಮಡಿ.

ಭೂಮಿ ಬಿಸಿಯೇರಿದಂತೆ ಈ ನೆಲದೊಳಗಿನ ಹಿಮ ಕರಗಿ, ಮೇಲ್ಮೈ ಕುಸಿದು, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಒಂದು ಹೊಂಡ ಹುಟ್ಟುತ್ತದೆ. ಹೊಂಡದ ನೀರು ಸುತ್ತಣ ನೆಲಕ್ಕಿಂತ ಬೆಚ್ಚಗೆ. ಅದು ತಳವನ್ನೂ ದಡವನ್ನೂ ಮತ್ತಷ್ಟು ಕರಗಿಸುತ್ತ ತಾನೂ ಬೆಳೆಯುತ್ತದೆ. ಯುಗಗಳ ನಿದ್ರೆಯಿಂದೆದ್ದ ಇಂಗಾಲವು ಕೆಸರಿನ ಜೀವಿಗಳಿಗೆ ಊಟವಾಗುತ್ತದೆ. 2006ರಲ್ಲಿ ಕೇಟಿ ವಾಲ್ಟರ್ ಮತ್ತು ಸಂಗಡಿಗರು ಸೈಬೀರಿಯದ ಇಂಥ ಕೆರೆಗಳ ಗುಳ್ಳೆಗಳನ್ನು ಹಿಡಿದು ಪರೀಕ್ಷಿಸಿದಾಗ, ಕೆಲವು ಗುಳ್ಳೆಗಳಲ್ಲಿಯ ಇಂಗಾಲದ ವಯಸ್ಸು 35 ಸಾವಿರದಿಂದ 43 ಸಾವಿರ ವರ್ಷಗಳಷ್ಟಿದ್ದಿತು! ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಬೆಳ್ಳಿಯ ಬಿಲ್ಲೆಗಳಂತೆ ಸಿಕ್ಕಿಬಿದ್ದ ಆ ಗುಳ್ಳೆಗಳಿಗೆ ರಂಧ್ರ ಕೊರೆದು ಕಡ್ಡಿ ಗೀರಿದರೆ ಆಳೆತ್ತರ ಜ್ವಾಲೆ ಏಳುತ್ತದೆ.

ಎರಡು ಹೊಂಡಗಳ ಕೆಲಸ ಒಂದೇ, ಕಷ್ಟ ಬೇರೆ ಬೇರೆ. ಅಲ್ಲಿ ಇಂಗಾಲ ಬೇಕಾದಷ್ಟಿದೆ, ಶಾಖವಿರಲಿಲ್ಲ. ಶಾಖ ಈಗ ಬರುತ್ತಿದೆ. ಇಲ್ಲಿ ಶಾಖ ಎಂದೂ ಉಂಟು. ನೀರಿನ ನೆಲೆಗಳಿಂದ ಹೊರಡುವ ಮೀಥೇನು ಸೊನ್ನೆ ಡಿಗ್ರಿಯಿಂದ 30 ಡಿಗ್ರಿಗೆ ಶಾಖ ಏರಿದಾಗ ಸುಮಾರು 57 ಪಟ್ಟು ಹೆಚ್ಚುತ್ತದೆಂದು 2014ರ ಒಂದು ಅಧ್ಯಯನ ತೋರಿಸಿತು. ಸೈಬೀರಿಯದ ಹೊಂಡ ವರ್ಷದ ಬಹುಭಾಗ ಮಂಜಿನ ಮುಚ್ಚಳದ ಕೆಳಗೆ ಮಲಗಿದ್ದರೆ, ಬೆಳಗಾವಿ ಸೀಮೆಯ ಹೊಂಡಕ್ಕೆ ರಜೆಯಿಲ್ಲ. ಇಲ್ಲಿಯ ಕೆಸರಿಗೆ ಊಟ ಬಿದ್ದಷ್ಟೂ ಅದು ತಡವಿಲ್ಲದೆ ಗುಳ್ಳೆಯಾಗುತ್ತದೆ.

ಇದರಿಂದ ಒಂದು ಮುಖ್ಯವಾದ ಭೇದ ತಿಳಿದುಬರುತ್ತದೆ. ಸೈಬೀರಿಯದ ಹೊಂಡವನ್ನು ಅಲ್ಲಿಯ ಹಳ್ಳಿಗರು ತಡೆಯಲಾರರು. ಅದರ ಬೀಗದ ಕೈ ಇಡೀ ಜಗತ್ತಿನ ಹೊಗೆಗೊಳವೆಗಳಲ್ಲಿ ಹಂಚಿಹೋಗಿದೆ. ಹಿಂಡಲಗಾದ ಹೊಂಡದ ಬೀಗದ ಕೈ ಮಾತ್ರ ಬಹಳಮಟ್ಟಿಗೆ ಅದರ ದಡದಲ್ಲಿರುವವರ ಸೊಂಟದಲ್ಲಿಯೇ ಇದೆ.

ದಡದವರ ಕೈಯಲ್ಲಿ

ಊರ ಹೊಂಡಕ್ಕೆ ಮಾವಿನ ಎಲೆ ಬೀಳುವುದು ಪ್ರಕೃತಿ. ಮೋರಿ ತಿರುಗಿಸುವುದು ಮನುಷ್ಯ. ನಗರ ಬೆಳೆದಂತೆ ಅಂಚಿನ ಹಳ್ಳಿಗಳಿಗೆ ಬಡಾವಣೆಗಳು ಬರುತ್ತವೆ, ಬಚ್ಚಲ ನೀರು ತಗ್ಗನ್ನು ಹುಡುಕುತ್ತದೆ. ಕೊಳಚೆಯೆಂದರೆ ಕೆಸರಿನ ಜೀವಿಗಳಿಗೆ ಮದುವೆಯ ಊಟ. ಅದು ಮೊದಲು ನೀರಿನ ಆಮ್ಲಜನಕವನ್ನು ತೀರಿಸಿಬಿಡುತ್ತದೆ. ಮೀಥೇನನ್ನು ತಡೆಯುವ ಕಾವಲುಗಾರರು ಉಸಿರುಗಟ್ಟುತ್ತಾರೆ. ಅನಿಲಕ್ಕೆ ಹಾದಿ ಬಯಲಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯು ದಶಕಗಳ ಕೊಳಚೆಯನ್ನು ಹೊತ್ತು, 2015ರಲ್ಲಿ ನೊರೆ ಕಾರಿದ್ದನ್ನೂ 2018ರ ಜನವರಿಯಲ್ಲಿ ಬೆಂಕಿಯಲ್ಲಿ ಸಿಕ್ಕಿದ್ದನ್ನೂ ನಾಡೆಲ್ಲ ಕಂಡಿದೆ. ಅದು ಒಂದೇ ದಿನದಲ್ಲಿ ಆದುದಲ್ಲ. ಮೋರಿಯ ಮೇಲೆ ಮೋರಿ ಸೇರಿ ಆದದ್ದು.

ಬೆಳಗಾವಿಯ ಒಳಗೂ ಕಪಿಲೇಶ್ವರದ ಹೊಂಡ, ಜಕ್ಕೇರಿ ಹೊಂಡಗಳಂಥ ಪೂಜ್ಯ ನೀರುಗಳಿವೆ. ಗಣೇಶನ ವಿಸರ್ಜನೆಗೆ ಜನ ಅಲ್ಲಿಗೆ ಸಾಲುಗಟ್ಟುತ್ತಾರೆ. ಮಣ್ಣಿನ ಮೂರ್ತಿ ಮಣ್ಣನ್ನು ಸೇರುವುದರಿಂದ ಇಂಗಾಲದ ಲೆಕ್ಕಕ್ಕೆ ಹೆಚ್ಚು ಬಾಧೆಯಿಲ್ಲ. ಬಾಧೆಯಿರುವುದು ಅದರೊಡನೆ ಬೀಳುವ ಹೂವು, ಗರಿಕೆ, ಬಾಳೆಯ ಕಂದು, ಹಣ್ಣುಗಳ ರಾಶಿಯಿಂದ. ಆ ನಿರ್ಮಾಲ್ಯವನ್ನು ಬೇರೆಯಾಗಿ ಕೂಡಿಸಿ ಗೊಬ್ಬರ ಮಾಡಿದರೆ ಭಕ್ತಿಗೂ ಕೊರತೆಯಿಲ್ಲ, ಹೊಂಡಕ್ಕೂ ಅಜೀರ್ಣವಿಲ್ಲ.

ಬತ್ತದ ಗದ್ದೆಯ ಮಾತು ಸೂಕ್ಷ್ಮವಾದದ್ದು. ನೀರು ನಿಂತ ಗದ್ದೆಯೂ ಮೀಥೇನ್ ಬಿಡುತ್ತದೆ. ಆದರೆ ಅದು ಅನ್ನ ಕೊಡುವ ಹೊಂಡ. ನೀರಿನ ಮೇಲೆ ಹಿಡಿತವಿರುವ ಗದ್ದೆಗಳಲ್ಲಿ ನಡುನಡುವೆ ನೀರನ್ನು ಬಸಿದು, ನೆಲಕ್ಕೆ ಗಾಳಿಯಾಡಿಸಿ, ಮತ್ತೆ ನೀರು ಕಟ್ಟುವ ಕ್ರಮದಿಂದ ಬೆಳೆ ಕುಂದದೆ ಮೀಥೇನ್ ಬಹಳಷ್ಟು ಇಳಿಯುತ್ತದೆಂಬುದು ಹಲವು ದೇಶಗಳ ಅನುಭವ. ಘಟ್ಟದ ಮಳೆಯನ್ನೇ ನಂಬಿದ ರೈತನಿಗೆ ಈ ಕ್ರಮ ಎಲ್ಲ ಕಾಲದಲ್ಲಿಯೂ ಕೈಗೂಡುವುದಿಲ್ಲವೆಂಬುದನ್ನು ಮರೆಯಬಾರದು.

ಹಾಗಾದರೆ ಹೊಂಡಗಳನ್ನೇ ಮುಚ್ಚಿಬಿಟ್ಟರಾಯಿತಲ್ಲ ಎನ್ನುವವರೂ ಇರುವರು. ನಿವೇಶನದ ಬೆಲೆ ಏರುವ ಊರಿನಲ್ಲಿ ಆ ಸಲಹೆಗೆ ಬೇಗನೆ ಬೆಂಬಲ ಸಿಕ್ಕುತ್ತದೆ. ಆದರೆ ಹೊಂಡದ ಕೆಲಸ ಉಸಿರಾಡುವುದಷ್ಟೇ ಅಲ್ಲ. ಮಳೆಯ ನೀರನ್ನು ತಡೆದು ನಿಲ್ಲಿಸಿ, ನೆಲದೊಳಕ್ಕೆ ಇಂಗಿಸಿ, ಬೇಸಿಗೆಯ ಬಾವಿಗೆ ಸೆಲೆಯಾಗುವುದು ಅದೇ. ಕುಂಭದ್ರೋಣ ಮಳೆಯ ದಿನ ಬೀದಿಗೆ ನುಗ್ಗಬೇಕಾದ ನೆರೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೂ ಅದೇ. ತೊಳೆದುಬಂದ ಮಣ್ಣಿನೊಡನೆ ಇಂಗಾಲದ ಒಂದು ಪಾಲನ್ನು ತಳದಲ್ಲಿ ಹೂತಿಡುವುದೂ ಅದೇ. ಹೊಂಡವನ್ನು ಮುಚ್ಚಿದರೆ ಕೊಳಚೆ ಇಲ್ಲವಾಗುವುದಿಲ್ಲ. ಇನ್ನೊಂದು ತಗ್ಗನ್ನು ಹುಡುಕಿಕೊಂಡು ಹೋಗಿ ಅಲ್ಲಿ ಗುಳ್ಳೆಯೆಬ್ಬಿಸುತ್ತದೆ.

ಹಿಂದಿನವರಿಗೆ ಮೀಥೇನಿನ ಹೆಸರು ತಿಳಿದಿರಲಿಲ್ಲ, ಆದರೆ ಹೊಂಡವನ್ನು ಇಟ್ಟುಕೊಳ್ಳುವ ರೀತಿ ತಿಳಿದಿದ್ದಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುವುದು ಕನ್ನಡನಾಡಿನ ಹಳೆಯ ಪದ್ಧತಿ. ಎಲೆಯಾಗಿ, ಸಗಣಿಯಾಗಿ, ಕೊಚ್ಚಿಬಂದ ಮಣ್ಣಾಗಿ ಕೆರೆಗೆ ಸೇರಿದ ಇಂಗಾಲವು ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಕೆರೆಗೆ ಆಳ ಬರುತ್ತಿತ್ತು, ಕೆಸರಿನ ಜೀವಿಗಳಿಗೆ ಊಟ ಕಡಿಮೆಯಾಗುತ್ತಿತ್ತು, ರೈತನಿಗೆ ಗೊಬ್ಬರದ ಖರ್ಚು ಉಳಿಯುತ್ತಿತ್ತು. ಒಂದೇ ಗಾಡಿಯಲ್ಲಿ ಮೂರು ಲಾಭ! ಹೂಳು ತೆಗೆಯುವುದನ್ನು ಈಗ ಜನ ಸರಕಾರದ ಕಾಮಗಾರಿಯೆಂದು ತಿಳಿಯುತ್ತಾರೆ. ಅಂದು ಅದು ಊರಿನ ಬೇಸಿಗೆಯ ದಿನಚರಿಯಾಗಿತ್ತು.

ವೆಂಗುರ್ಲಾ ರಸ್ತೆಯಲ್ಲಿ ಮುಂದೆ ಸಾಗುವ ಪ್ರವಾಸಿಗನಿಗೆ ಘಟ್ಟದ ಕಾಡು, ಕೋಟೆ, ಸಮುದ್ರಗಳು ಕಾದಿರುತ್ತವೆ. ಹಿಂಡಲಗಾದ ಸುತ್ತಣ ಹೊಂಡಗಳು ಯಾರನ್ನೂ ಕಾಯುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ದಡದವರು ಏನನ್ನು ಹಾಕಿದರೋ ಅದನ್ನು ಉಂಡು, ಉಂಡದ್ದಕ್ಕೆ ತಕ್ಕ ಉಸಿರನ್ನು ಬಿಡುತ್ತಿರುತ್ತವೆ. ಮುಂದಿನ ಮಳೆಗಾಲಕ್ಕೆ ಅವುಗಳಲ್ಲಿ ತಾವರೆ ಅರಳಬೇಕೋ ಕಪ್ಪು ಗುಳ್ಳೆ ಕುದಿಯಬೇಕೋ ಎಂಬುದು ಮಳೆಗೆ ಮುಂಚೆ ಊರು ಮಾಡುವ ಕೆಲಸವನ್ನು ಅವಲಂಬಿಸಿದೆ.